ಹಳೇ ಸ್ಪೋರ್ಟ್ಸ್ ಕಾರಿನ ಆರ್‌ಪಿಎಂ ಮುಳ್ಳು ಕುಣಿಯುತ್ತಿದ್ದರೆ ಎಲ್ಲಿಂದ ಹುಡುಕಬೇಕು?

ಎಂಜಿಬಿ, ಎಂಜಿ ಮಿಡ್ಜೆಟ್, ಟ್ರಯಂಫ್ ಸ್ಪಿಟ್‌ಫೈರ್‌ನಂಥ ಹಳೇ ಬ್ರಿಟಿಷ್ ಕಾರಿನಲ್ಲಿ ಆರ್‌ಪಿಎಂ ಮುಳ್ಳು ಈಗ 2000, ಮರುಕ್ಷಣ 4500, ಆಮೇಲೆ ಸೊನ್ನೆ ಎಂದು ಕುಣಿಯತೊಡಗಿದರೆ ಮೀಟರ್ ಹೋಯಿತು ಎಂದೇ ಎಲ್ಲರ ತೀರ್ಪು. ಡ್ಯಾಶ್‌ಬೋರ್ಡ್ ಬಿಚ್ಚುತ್ತಾರೆ, ಮೀಟರನ್ನು ಎಲ್ಲಿಗೋ ರಿಪೇರಿಗೆ ಕಳಿಸುತ್ತಾರೆ, ಅದು ವಾಪಸ್ ಬಂದ ಮೇಲೂ ಮುಳ್ಳಿನ ಕುಣಿತ ನಿಲ್ಲುವುದಿಲ್ಲ. ಎಲೆಕ್ಟ್ರಿಕ್ ಟ್ಯಾಕೋಮೀಟರಿಗೆ, ಅಂದರೆ ಈ ಆರ್‌ಪಿಎಂ ಮೀಟರಿಗೆ, ಎಂಜಿನ್ ತಿರುಗುವುದು ಕಾಣುವುದೇ ಇಲ್ಲ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟ್ ಎಂಬ ಪುಟ್ಟ ಸ್ವಿಚ್ ತೆರೆದು ಮುಚ್ಚುವಾಗ, ಕಿಡಿ ಹುಟ್ಟಿಸುವ ಕಾಯಿಲ್‌ನಲ್ಲಿ ಆಗುವ ಏರಿಳಿತವನ್ನಷ್ಟೇ ಅದು ಎಣಿಸುತ್ತದೆ. ಪಾಯಿಂಟ್ ಸರಿಯಿಲ್ಲದಿದ್ದರೆ, ಕಾಯಿಲ್‌ಗೆ ಹೋಗುವ ವೈರ್ ಸಡಿಲವಿದ್ದರೆ, ಮೀಟರ್ ಅದನ್ನೇ ತೋರಿಸುತ್ತದೆ. ಹಾಗಾಗಿ ಹುಡುಕಾಟ ಬಾನೆಟ್ ಕೆಳಗೆ ಶುರುವಾಗಬೇಕು. ಮೀಟರಿನ ಸರದಿ ಕೊನೆಗೆ.

ಇಲ್ಲಿ ಕೊಟ್ಟಿರುವ ಅಂಕಿಗಳು ಮುಖ್ಯವಾಗಿ ಎಂಜಿಬಿಯವು. ವಿಧಾನ ಪಾಯಿಂಟ್ ಇಗ್ನಿಷನ್ ಇರುವ ಯಾವ ನಾಲ್ಕು ಸಿಲಿಂಡರ್ ಕಾರಿಗೂ ಆಗುತ್ತದೆ. ಮೈಸೂರು, ಮಂಡ್ಯದ ಕಡೆ ಹಳೇ ಎಂಜಿ ಬಲ್ಲ ಮೆಕ್ಯಾನಿಕ್ ಸಿಗುವುದು ಕಷ್ಟ, ಆದರೆ ಅಂಬಾಸಡರ್‌ನಲ್ಲಿ ಕೈ ಪಳಗಿದವರು ಇನ್ನೂ ಇದ್ದಾರೆ. ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಕುಟುಂಬದವು. ಅಂಬಾಸಡರ್‌ಗೆ ಪಾಯಿಂಟ್ ಗ್ಯಾಪ್ ಇಟ್ಟು ಗೊತ್ತಿರುವ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಕ್ಕರೆ ಈ ಕೆಲಸದ ಮುಕ್ಕಾಲು ಪಾಲು ಅವರ ಕೈಯಲ್ಲೇ ಆಗುತ್ತದೆ.

ನಿಮ್ಮದು ಯಾವ ಮೀಟರ್?

ಇದು ಗೊತ್ತಾಗದೆ ಒಂದು ವೈರನ್ನೂ ಮುಟ್ಟಬೇಡಿ. ಸ್ಮಿತ್ಸ್ ಕಂಪನಿಯ ಟ್ಯಾಕೋಮೀಟರ್ ಆದರೆ ಡಯಲ್‌ನ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಅದು ಆರ್‌ವಿಐ (RVI) ಎಂದು ಶುರುವಾದರೆ ಕರೆಂಟನ್ನು ಗ್ರಹಿಸುವ ಮೀಟರ್. ಇಗ್ನಿಷನ್ ಸ್ವಿಚ್‌ನಿಂದ ಕಾಯಿಲ್‌ಗೆ ಹೋಗುವ ಬಿಳಿ ವೈರ್ ಮೊದಲು ಮೀಟರಿನ ಬೆನ್ನಿಗೆ ಬಂದು, ಅಲ್ಲೊಂದು ಸುತ್ತು ಹಾಕಿಕೊಂಡು ಕಾಯಿಲ್‌ಗೆ ಹೋಗುತ್ತದೆ. ಆರ್‌ವಿಸಿ (RVC) ಎಂದಿದ್ದರೆ ವೋಲ್ಟೇಜನ್ನು ಗ್ರಹಿಸುವ ಮೀಟರ್. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆಯಿಂದ ಬಿಳಿ-ಕಪ್ಪು ವೈರ್ ಒಂದು ಕವಲಾಗಿ ಮೀಟರಿಗೆ ಬರುತ್ತದೆ. ಎಂಜಿಬಿಯಲ್ಲಿ 1970ರ ದಶಕದ ಆರಂಭದವರೆಗೆ ಆರ್‌ವಿಐ, ನಂತರ ಆರ್‌ವಿಸಿ. 1962ರಿಂದ 1964ರವರೆಗಿನ ಮೊದಮೊದಲ ಎಂಜಿಬಿಗಳಲ್ಲಿ, ಅದಕ್ಕೂ ಹಿಂದಿನ ಕಾರುಗಳಲ್ಲಿ ಸ್ಪೀಡೋಮೀಟರಿನಂತೆ ಕೇಬಲ್‌ನಿಂದ ತಿರುಗುವ ಮೀಟರ್ ಇರುತ್ತದೆ. ಅದರ ವಿಷಯ ಬೇರೆ, ಕೊನೆಯಲ್ಲಿ ಬರುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಆರ್‌ವಿಐ ಮೀಟರಿನ ಸುತ್ತು ಕಡಿದರೆ ಕಾಯಿಲ್‌ಗೆ ಕರೆಂಟೇ ಹೋಗದೆ ಎಂಜಿನ್ ನಿಂತುಬಿಡುತ್ತದೆ. ಆರ್‌ವಿಸಿ ಮೀಟರಿನ ವೈರ್ ಕಡಿದರೆ ಮುಳ್ಳು ಮಾತ್ರ ಸತ್ತು ಎಂಜಿನ್ ಆರಾಮಾಗಿ ಓಡುತ್ತದೆ. ಆದರೆ ಅದೇ ವೈರಿನ ಹೊದಿಕೆ ಹರಿದು ಕಾರಿನ ಲೋಹದ ಬಾಡಿಗೆ ತಾಗಿದರೆ ಎಂಜಿನ್ ಮಿಸ್ ಹೊಡೆಯುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಗದ್ದೆ ಬಯಲಿನ ಪಕ್ಕದ ಶೆಡ್‌ನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇಲಿ ಕಡಿದ ವೈರ್ ಹೊಸ ಸುದ್ದಿಯೇನಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ಇಲಿ ಹಿಕ್ಕೆ ಇದೆಯೇ ಎಂದು ಮೊದಲೇ ನೋಡಿಬಿಡಿ.

ಇನ್ನೊಂದು ಎಚ್ಚರಿಕೆ: 1967ರ ಮಾರ್ಕ್ 2 ಬರುವವರೆಗೆ ಎಂಜಿಬಿಗಳು ಪಾಸಿಟಿವ್ ಅರ್ತ್. ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ಮಲ್ಟಿಮೀಟರಿನ ಕೆಂಪು ತುದಿಯನ್ನು ಬಾಡಿಗೆ, ಕಪ್ಪನ್ನು ವೈರಿಗೆ ಹಿಡಿಯಬೇಕು. ಮಧ್ಯದಲ್ಲಿ ಯಾರಾದರೂ ನೆಗೆಟಿವ್ ಅರ್ತಿಗೆ ಬದಲಾಯಿಸಿ, ಮೀಟರಿನ ಒಳಗಿನ ಪವರ್ ವೈರನ್ನಾಗಲಿ ಬಿಳಿ ವೈರಿನ ಸುತ್ತಿನ ದಿಕ್ಕನ್ನಾಗಲಿ ಬದಲಾಯಿಸದೆ ಬಿಟ್ಟಿದ್ದರೆ ಮೀಟರ್ ಎಂದೂ ಸರಿಯಾಗಿ ನಡೆಯುವುದಿಲ್ಲ.

ಓಡಿಸಿ ನೋಡಿ

ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಮುಳ್ಳು ನೋಡುವುದು ಅವರ ಕೆಲಸ, ರಸ್ತೆ ನೋಡುವುದು ನಿಮ್ಮದು. ಚಾಮುಂಡಿ ಬೆಟ್ಟದ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು: ಹತ್ತುವಾಗ ಎಂಜಿನ್ ಕಾಯುತ್ತದೆ, ಭಾರ ಬೀಳುತ್ತದೆ, ಇಳಿಯುವಾಗ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ನೋಡಬಹುದು. ಬೆಳಗ್ಗೆ ಬೇಗ ಹೋದರೆ ಜನಸಂದಣಿಯೂ ಇರುವುದಿಲ್ಲ.

ಮುಳ್ಳು ಜಿಗಿಯುತ್ತಿದ್ದರೂ ಎಂಜಿನ್ ಒಂದು ಸಲವೂ ತಡವರಿಸದಿದ್ದರೆ, ತೊಂದರೆ ಮೀಟರಿನಲ್ಲಿ, ಅದರ ಅರ್ತಿನಲ್ಲಿ ಅಥವಾ ಅದಕ್ಕೆ ಬರುವ ವೈರಿನಲ್ಲಿ. ಎಂಜಿನ್ ಜರ್ಕ್ ಹೊಡೆದ ಕ್ಷಣದಲ್ಲೇ ಮುಳ್ಳೂ ದಬಕ್ಕನೆ ಸೊನ್ನೆಯತ್ತ ಬಿದ್ದರೆ, ಕಾರು ಗೇರಿನಲ್ಲಿದ್ದು ಎಂಜಿನ್ ತಿರುಗುತ್ತಲೇ ಇರುವಾಗ ಹೀಗಾದರೆ, ಕಾಯಿಲ್‌ನ ಪ್ರೈಮರಿ ಕರೆಂಟೇ ಕಡಿದಿದೆ. ಪಾಯಿಂಟ್, ಸ್ವಿಚ್, ಬಿಳಿ ವೈರ್ ನೋಡಬೇಕು. ಎಂಜಿನ್ ಜರ್ಕ್ ಹೊಡೆದರೂ ಮುಳ್ಳು ನೆಟ್ಟಗೆ ನಿಂತಿದ್ದರೆ ಇಗ್ನಿಷನ್‌ನ ಲೋ ಟೆನ್ಷನ್ ಕಡೆ (ಬ್ಯಾಟರಿಯಿಂದ ಕಾಯಿಲ್, ಪಾಯಿಂಟ್ ತನಕದ 12 ವೋಲ್ಟಿನ ದಾರಿ) ಸರಿಯಿದೆ. ಪೆಟ್ರೋಲ್, ಕಾರ್ಬ್ಯುರೇಟರ್, ಪ್ಲಗ್, ಪ್ಲಗ್‌ಗೆ ಕಿಡಿ ಒಯ್ಯುವ ಎಚ್‌ಟಿ ವೈರ್ ಕಡೆ ಹೋಗಿ. ದಾರಿಯಲ್ಲಿ ಕಾರು ನಿಂತಾಗ ಪಂಪೋ ಪಾಯಿಂಟೋ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಈ ಮುಳ್ಳಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಹಂಪ್ ಹಾರಿದಾಗ ಮಾತ್ರ ಜಿಗಿದರೆ ಸಡಿಲ ಸಂಪರ್ಕ. ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಸರಿಯಾಗಿ ಮುಳ್ಳು ಕುಪ್ಪಳಿಸಿದರೆ, ಹೆಡ್‌ಲೈಟ್ ಹಾಕಿದಾಗ ರೀಡಿಂಗ್ ಬದಲಾದರೆ, ಮೀಟರಿನ ಅರ್ತ್ ಹೋಗಿದೆ, ಬೇರೇನೂ ಹುಡುಕಬೇಕಿಲ್ಲ. ಆಯುಧಪೂಜೆಗೆಂದು ಬಾನೆಟ್ ಎತ್ತಿ ಪೈಪ್ ಹಿಡಿದು ತೊಳೆದ ಮರುದಿನ ಶುರುವಾದ ಕುಣಿತವಾದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಒಣಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ, ಅರ್ಧ ದಿನ ಬಿಸಿಲಿಗೆ ಬಿಡಿ. ಅರಿಶಿನ ಕುಂಕುಮ ಬಾನೆಟ್ ಮೇಲಿದ್ದರೆ ಸಾಕು, ಕಾಯಿಲ್ ಮೇಲೆ ಬೇಡ.

ಬ್ಯಾಟರಿ, ಅರ್ತ್

ಬ್ಯಾಟರಿ ಟರ್ಮಿನಲ್‌ಗಳನ್ನು ಬಿಚ್ಚಿ, ಬಿಳಿ ಬೂಷ್ಟನ್ನು ಬಿಸಿನೀರಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿಯಾಗಿ ಕೂರಿಸಿ. 1974ರವರೆಗಿನ ಎಂಜಿಬಿಯಲ್ಲಿ ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳಿರುತ್ತವೆ. ಅವೆರಡನ್ನು ಸೇರಿಸುವ ಕೇಬಲ್ ಕಣ್ಣಿಗೆ ಬೀಳುವುದಿಲ್ಲ, ಅದನ್ನು ಮರೆಯಬೇಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಅದೇ ಮೇಲೆ ಕೆಳಗೆ ಹೊಯ್ದಾಡುತ್ತಿದ್ದರೆ ಮೊದಲು ಚಾರ್ಜಿಂಗ್ ಸರಿಮಾಡಿ.

ಈಗ ಮೀಟರಿನ ಅರ್ತ್. ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು, ಒಂದು ತುದಿಯನ್ನು ಮೀಟರಿನ ಲೋಹದ ಕವಚಕ್ಕೆ, ಇನ್ನೊಂದನ್ನು ಬಾಡಿಗೆ ಸೇರಿದ ಬ್ಯಾಟರಿ ಟರ್ಮಿನಲ್‌ಗೆ ಹಿಡಿಯಿರಿ. ಇಗ್ನಿಷನ್ನೂ ಲೈಟೂ ಹಾಕಿದಾಗ 0.1 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಸಾಲದು. ಮೀಟರ್ ಹಿಂದಿನ ಬ್ರಾಕೆಟ್ ನಟ್‌ನ ಕೆಳಗೆ ಸಿಕ್ಕಿರುವ ಕಪ್ಪು ವೈರಿನ ಲಗ್ಗಿನಲ್ಲಿ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಪೇಂಟ್ ಮಾಡಿಸಿದಾಗ ಬಣ್ಣದ ಪದರ ಅಡ್ಡ ಬಂದಿರುತ್ತದೆ. ಕವಚದಿಂದ ಬಾಡಿಗೆ ತಾತ್ಕಾಲಿಕವಾಗಿ ಒಂದು ವೈರ್ ಕ್ಲಿಪ್ ಮಾಡಿ ಓಡಿಸಿ ನೋಡಿ. ಕುಣಿತ ನಿಂತರೆ ಅದನ್ನೇ ಕಾಯಂ ಮಾಡಿ.

ಡಿಸ್ಟ್ರಿಬ್ಯೂಟರ್: ಹೆಚ್ಚಿನ ಕಾಯಿಲೆ ಇಲ್ಲೇ

ಕ್ಯಾಪ್ ತೆಗೆದು ಪಾಯಿಂಟ್ ನೋಡಿ. ಮುಖ ಬೂದುಬಣ್ಣಕ್ಕಿದ್ದು ಸಮನಾಗಿದ್ದರೆ ಒಳ್ಳೆಯದು. ನೀಲಿಗಟ್ಟಿದ್ದರೆ, ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಮೇಲೆ ಅನುಮಾನ. ಉಜ್ಜಿ ನುಣುಪು ಮಾಡುವ ಬದಲು ಹೊಸ ಪಾಯಿಂಟ್ ಹಾಕುವುದು ವಾಸಿ. ಉಜ್ಜಿದ ಪಾಯಿಂಟ್ ಒಂದಷ್ಟು ದಿನದಲ್ಲೇ ಮತ್ತೆ ಸುಡುತ್ತದೆ. ಲೂಕಸ್ 25ಡಿ4 ಡಿಸ್ಟ್ರಿಬ್ಯೂಟರಿಗೆ ಗ್ಯಾಪ್ 0.35ರಿಂದ 0.40 ಮಿ.ಮೀ., ಡ್ವೆಲ್ (ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಡಿಸ್ಟ್ರಿಬ್ಯೂಟರ್ ಶಾಫ್ಟ್ ತಿರುಗುವ ಕೋನ) 60 ಡಿಗ್ರಿ, ಅದರಲ್ಲಿ 3 ಡಿಗ್ರಿ ಆಚೀಚೆ ಆಗಬಹುದು. ನಂತರ ಬಂದ 45ಡಿ4ಗೆ ಡ್ವೆಲ್ 51 ಡಿಗ್ರಿ, 5 ಡಿಗ್ರಿ ಆಚೀಚೆ. ಫೀಲರ್ ಗೇಜನ್ನು ಪೆಟ್ರೋಲಿನಲ್ಲಿ ಒರೆಸಿಕೊಂಡು ಬಳಸಿ. ಅದರಲ್ಲಿರುವ ಎಣ್ಣೆಯ ಪಸೆ ಪಾಯಿಂಟಿಗೆ ಅಂಟಿದರೆ ಹೊಸ ಪಾಯಿಂಟೂ ಮಿಸ್ ಹೊಡೆಯುತ್ತದೆ.

ಇಗ್ನಿಷನ್ ಹಾಕಿ, ಪಾಯಿಂಟ್ ಮುಚ್ಚಿರುವಂತೆ ಎಂಜಿನನ್ನು ಕೈಯಿಂದ ತಿರುಗಿಸಿಕೊಂಡು, ಡಿಸ್ಟ್ರಿಬ್ಯೂಟರಿನ ಹೊರ ಟರ್ಮಿನಲ್‌ಗೂ ಬಾಡಿಗೂ ನಡುವೆ ವೋಲ್ಟೇಜ್ ಅಳೆಯಿರಿ. 0.2 ವೋಲ್ಟ್ ಒಳಗಿರಬೇಕು. ಜಾಸ್ತಿ ಬಂದರೆ ಪಾಯಿಂಟ್ ಕೊಳೆಯಾಗಿದೆ ಅಥವಾ ಬೇಸ್ ಪ್ಲೇಟಿನ ಅರ್ತ್ ಹೋಗಿದೆ. ಈ ಸ್ಥಿತಿಯಲ್ಲಿ ಕಾಯಿಲ್ ಸುಮಾರು 4 ಆಂಪಿಯರ್ ಎಳೆಯುತ್ತಿರುತ್ತದೆ, ಅಳತೆ ಮುಗಿದ ಕೂಡಲೇ ಇಗ್ನಿಷನ್ ಆಫ್ ಮಾಡಿ.

ಎಷ್ಟೋ ಜನ ನೋಡದೆ ಬಿಡುವುದು ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಪುಟ್ಟ ವೈರ್‌ಗಳನ್ನು. ಒಂದು ಹೊರ ಟರ್ಮಿನಲ್‌ನಿಂದ ಪಾಯಿಂಟಿಗೆ, ಇನ್ನೊಂದು ಬೇಸ್ ಪ್ಲೇಟಿನಿಂದ ಬಾಡಿಗೆ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಗಾಳಿ ಸೆಳೆತಕ್ಕೆ ತಕ್ಕಂತೆ ಕಿಡಿಯ ಸಮಯ ಹೊಂದಿಸುವ ಭಾಗ) ಪ್ಲೇಟನ್ನು ತಿರುಗಿಸಿದಾಗಲೆಲ್ಲ ಇವು ಬಾಗುತ್ತವೆ. ವರ್ಷಗಟ್ಟಲೆ ಬಾಗಿ ಬಾಗಿ, ಮೇಲಿನ ಹೊದಿಕೆ ಚೆನ್ನಾಗಿಯೇ ಇದ್ದರೂ ಒಳಗಿನ ತಂತಿ ಎಳೆ ಎಳೆಯಾಗಿ ಕಡಿದಿರುತ್ತದೆ. ಐಡಲ್‌ನಲ್ಲಿ ಎಲ್ಲ ಸರಿ, ಆಕ್ಸಿಲರೇಟರ್ ಒತ್ತಿದ ಅಥವಾ ಬಿಟ್ಟ ಕೂಡಲೇ ಮುಳ್ಳು ಹಾರುತ್ತದೆ, ಎಂಜಿನ್ ಕೆಮ್ಮುತ್ತದೆ ಎಂದರೆ ಬಹುಪಾಲು ಇದೇ. ಪರೀಕ್ಷೆ ಸುಲಭ: ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬ್ಯುರೇಟರ್ ಕಡೆಯಿಂದ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿಂದ ಎಳೆಯಿರಿ. ಪ್ಲೇಟ್ ತಿರುಗಿದ ಕ್ಷಣ ಮುಳ್ಳು ಜಿಗಿದರೆ ಕಳ್ಳ ಸಿಕ್ಕಿಬಿದ್ದ. ಬದಲಿಗೆ ಹಾಕುವ ವೈರ್ ತೀರಾ ಮೆತ್ತಗಿನ, ಬಹಳ ಎಳೆಗಳಿರುವ ವೈರೇ ಆಗಬೇಕು. ಮನೆ ವೈರಿಂಗಿನ ಗಟ್ಟಿ ತಂತಿ ಹಾಕಿದರೆ ಅದು ಬೇಗ ಕಡಿಯುತ್ತದೆ, ಪ್ಲೇಟನ್ನೂ ತಿರುಗಗೊಡುವುದಿಲ್ಲ.

ಕಂಡೆನ್ಸರ್ 0.18ರಿಂದ 0.25 ಮೈಕ್ರೋಫ್ಯಾರಡ್ ಇರಬೇಕು. ತಣ್ಣಗಿದ್ದಾಗ ಸರಿ ತೋರಿಸಿ ಕಾದ ಮೇಲೆ ಕೈಕೊಡುವುದು ಇವುಗಳ ಜಾಯಮಾನ, ಹಾಗಾಗಿ ಮಲ್ಟಿಮೀಟರ್ ಮಾತನ್ನು ಪೂರ್ತಿ ನಂಬಬೇಡಿ. ಹಳೆಯದನ್ನು ಬಿಡಿಸಿ, ಒಳ್ಳೆಯದೆಂದು ಗೊತ್ತಿರುವ ಒಂದನ್ನು ಹೊರಗಿನಿಂದಲೇ ಡಿಸ್ಟ್ರಿಬ್ಯೂಟರ್ ಟರ್ಮಿನಲ್‌ಗೂ ಬಾಡಿಗೂ ಕ್ಲಿಪ್ ಮಾಡಿ ಬೆಟ್ಟ ಹತ್ತಿಸಿ ನೋಡಿ. ಅಂಗಡಿಯಲ್ಲಿ ಕೊಳ್ಳುವಾಗ ಹಳೇ ಕಂಡೆನ್ಸರನ್ನು ಕೈಯಲ್ಲಿ ಹಿಡಿದೇ ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ ತನ್ನಿ.

ಕೊನೆಗೆ ಶಾಫ್ಟ್. ರೋಟರ್ ಹಿಡಿದು ಅಡ್ಡಡ್ಡ ಅಲುಗಿಸಿ. ಆಟ ಕೈಗೆ ಸಿಕ್ಕಿದರೆ, ಅಥವಾ ಐಡಲ್‌ಗೂ 2000 ಆರ್‌ಪಿಎಂಗೂ ನಡುವೆ ಡ್ವೆಲ್ 3 ಡಿಗ್ರಿಗಿಂತ ಹೆಚ್ಚು ಬದಲಾದರೆ ಬುಷ್ ಸವೆದಿದೆ. ಆಗ ಪಾಯಿಂಟ್ ಎಷ್ಟು ಸಲ ಹೊಂದಿಸಿದರೂ ಮುಳ್ಳು ನಡುಗುತ್ತಲೇ ಇರುತ್ತದೆ. ಲೇತ್ ಕೆಲಸದವರಲ್ಲಿ ಕಂಚಿನ ಬುಷ್ ಮಾಡಿಸಿ ಹಾಕಿಸಬಹುದು.

ಬಿಳಿ ವೈರಿನ ದಾರಿ

ಬಾಡಿಗೆ ಸೇರದ ಬ್ಯಾಟರಿ ಟರ್ಮಿನಲ್‌ನಿಂದ ಕಾಯಿಲ್‌ನ ಸ್ವಿಚ್ ಕಡೆಯ ಟರ್ಮಿನಲ್‌ವರೆಗೆ, ಪಾಯಿಂಟ್ ಮುಚ್ಚಿರುವಾಗ, ವೋಲ್ಟೇಜ್ ಕುಸಿತ ಅರ್ಧ ವೋಲ್ಟ್ ಮೀರಬಾರದು. ಮೀರಿದರೆ ಹಂತಹಂತವಾಗಿ ಹಿಂದಕ್ಕೆ ಬನ್ನಿ: ಕಾಯಿಲ್, ಆರ್‌ವಿಐ ಆದರೆ ಮೀಟರಿನ ಹೊರ ತುದಿ, ಒಳ ತುದಿ, ಆಮೇಲೆ ಸ್ವಿಚ್. ಎಲ್ಲಿ ಅಂಕಿ ತಟ್ಟನೆ ಇಳಿಯುತ್ತದೋ ಅಲ್ಲಿಯೇ ತೊಂದರೆ. ಬುಲೆಟ್ ಕನೆಕ್ಟರ್‌ಗಳಲ್ಲಿ ಮಳೆಗಾಲದ ತೇವಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಎಳೆದು ಬಿಡಿಸಿ, ಉಜ್ಜಿ, ಇಕ್ಕಳದಲ್ಲಿ ಸ್ವಲ್ಪ ಒತ್ತಿ ಬಿಗಿಮಾಡಿ. ರೀಡಿಂಗ್ ಸರಿಯಿದ್ದರೂ ಎಂಜಿನ್ ಓಡುತ್ತಿರುವಾಗ ಒಂದೊಂದೇ ಜಾಯಿಂಟನ್ನು ಅಲುಗಿಸಿ ನೋಡಿ, ಒಬ್ಬರು ಮುಳ್ಳಿನ ಮೇಲೆ ಕಣ್ಣಿಟ್ಟಿರಲಿ. ಬೀಗದ ಕೈಯನ್ನೂ ಸ್ವಿಚ್‌ನಲ್ಲೇ ಮೆಲ್ಲಗೆ ಅಲುಗಿಸಿ. ದಪ್ಪ ಕೀಗೊಂಚಲು ನೇತುಹಾಕಿದ ಕಾರುಗಳಲ್ಲಿ ಸ್ವಿಚ್ ಒಳಗಿನ ಕಾಂಟ್ಯಾಕ್ಟ್ ಬೇಗ ಸವೆಯುತ್ತದೆ.

ಸ್ವಿಚ್ಚೇ ತಪ್ಪಿತಸ್ಥನೇ ಎಂದು ನೋಡಲು ಅದನ್ನು ಬಿಟ್ಟು ನೇರ 12 ವೋಲ್ಟ್ ಕೊಡಬಹುದು. ಆದರೆ ಆರ್‌ವಿಐ ಇರುವ ಕಾರಿನಲ್ಲಿ ಆ ವೈರನ್ನು ಕಾಯಿಲ್‌ಗೆ ನೇರ ಕೊಡಬೇಡಿ, ಸುತ್ತು ತಪ್ಪಿಹೋಗಿ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ. ಮೀಟರಿಗೆ ಬರುವ ಬಿಳಿ ವೈರಿನ ತುದಿಗೆ ಕೊಡಿ, ಮಧ್ಯದಲ್ಲಿ ಫ್ಯೂಸ್ ಇರಲಿ. ಎಂಜಿನ್ ನಿಲ್ಲಿಸಲು ಆ ವೈರನ್ನೇ ಎಳೆಯಬೇಕಾಗುತ್ತದೆ, ನೆನಪಿರಲಿ.

ಆರ್‌ವಿಸಿ ಆದರೆ ಕಾಯಿಲ್ ಹತ್ತಿರ ಮೀಟರಿನ ಬಿಳಿ-ಕಪ್ಪು ಕವಲನ್ನು ಮಾತ್ರ ಬಿಡಿಸಿ ಓಡಿಸಿ. ತಡವರಿಸುತ್ತಿದ್ದ ಎಂಜಿನ್ ಸರಿಹೋದರೆ ಆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ, ಇಲ್ಲವೇ ಮೀಟರ್ ಒಳಗೆ ಶಾರ್ಟ್ ಆಗಿದೆ. ಪಾಯಿಂಟ್ ತೆರೆದಾಗ ಈ ವೈರಿನಲ್ಲಿ ನೂರಾರು ವೋಲ್ಟಿನ ಹೊಡೆತ ಬರುತ್ತದೆ. ಎಂಜಿನ್ ಓಡುವಾಗ ಬರಿಗೈಲಿ ಮುಟ್ಟಬೇಡಿ, ಅಗ್ಗದ ಮಲ್ಟಿಮೀಟರನ್ನೂ ಹಿಡಿಯಬೇಡಿ, ಸುಟ್ಟುಹೋದೀತು.

ಪ್ಲಗ್, ಎಚ್‌ಟಿ ವೈರ್, ಎಲೆಕ್ಟ್ರಾನಿಕ್ ಇಗ್ನಿಷನ್

ಡಿಸ್ಟ್ರಿಬ್ಯೂಟರಿನಲ್ಲೂ ವೈರಿನ ದಾರಿಯಲ್ಲೂ ಎಲ್ಲ ಸರಿಯಿದ್ದು ಮುಳ್ಳು ಮೇಲಿನ ಆರ್‌ಪಿಎಂನಲ್ಲಿ ಮಾತ್ರ ಹುಚ್ಚೆದ್ದು, ರೇಡಿಯೋದಲ್ಲೂ ಗರಗರ ಸದ್ದು ಬಂದರೆ ಕಿಡಿಯ ಗದ್ದಲ ಮೀಟರಿಗೆ ನುಗ್ಗುತ್ತಿದೆ. ತಾಮ್ರದ ಎಚ್‌ಟಿ ವೈರ್ ಮತ್ತು ರೆಸಿಸ್ಟರ್ ಇಲ್ಲದ ಪ್ಲಗ್ ಎರಡೂ ಒಟ್ಟಿಗೆ ಇದ್ದಾಗ ಹೀಗಾಗುತ್ತದೆ. ಎನ್‌ಜಿಕೆ ಬಿಪಿ6ಇಎಸ್ ಬದಲು ಬಿಪಿಆರ್6ಇಎಸ್ ಹಾಕಿ, ಅಥವಾ ಕಾರ್ಬನ್ ವೈರ್ ಹಾಕಿ. ಮೀಟರಿನ ವೈರನ್ನು ಎಚ್‌ಟಿ ವೈರ್‌ಗಳ ಜೊತೆ ಒಂದೇ ಕಟ್ಟಿನಲ್ಲಿ ಬಿಗಿದಿದ್ದರೆ ಬಿಡಿಸಿ ದೂರ ಒಯ್ಯಿರಿ.

ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸಿದ ಮೇಲೆ ಆರ್‌ವಿಐ ಮೀಟರ್ ಸತ್ತರೆ ಅಥವಾ ಇಮ್ಮಡಿ ತೋರಿಸಿದರೆ ಯಾರದೂ ತಪ್ಪಲ್ಲ. ಕರೆಂಟಿನ ಏರಿಳಿತದ ಆಕಾರವೇ ಬದಲಾಗಿದೆ, ಆ ಮೀಟರ್ ಪಾಯಿಂಟಿನ ಕಾಲದ್ದು. ಸುತ್ತು ಹೊರಗೆ ಕಾಣುವ ಮಾದರಿಯಾದರೆ ಸುತ್ತಿನ ಸಂಖ್ಯೆ ಹೆಚ್ಚುಕಡಿಮೆ ಮಾಡಿ ನೋಡಬಹುದು. ಕಾಯಿಲ್‌ನ ಪ್ರೈಮರಿಯನ್ನೂ ಅಳೆಯಿರಿ: ಬ್ಯಾಲಸ್ಟ್ (ಕಾಯಿಲ್‌ನ ದಾರಿಯಲ್ಲಿರುವ ಹೆಚ್ಚುವರಿ ರೆಸಿಸ್ಟರ್) ಇಲ್ಲದ ಕಾರಿಗೆ 3 ಓಮ್ ಆಸುಪಾಸು, ಬ್ಯಾಲಸ್ಟ್ ಇರುವುದಕ್ಕೆ 1.5 ಓಮ್ ಆಸುಪಾಸು. ಅದಲುಬದಲಾಗಿದ್ದರೆ ಪಾಯಿಂಟ್ ಅಥವಾ ಮಾಡ್ಯೂಲ್ ಸುಡುತ್ತದೆ, ಇಲ್ಲವೇ ಕಿಡಿ ಸೊರಗುತ್ತದೆ.

ಟ್ಯೂಬ್‌ಲೈಟ್ ಕೆಳಗೆ ತಾಳೆ ನೋಡುವುದು

ಕುಣಿತ ನಿಂತ ಮೇಲೆ ಮುಳ್ಳು ತೋರಿಸುವುದು ನಿಜವೇ ಎಂದು ನೋಡಬೇಕಲ್ಲ. ಲೇಸರ್ ಟ್ಯಾಕೋಮೀಟರ್ ಇದ್ದರೆ ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಟೇಪ್ ಅಂಟಿಸಿ ಅಳೆಯಿರಿ. ಇಲ್ಲದಿದ್ದರೆ ಹಳೇ ಚೋಕಿನ ಟ್ಯೂಬ್‌ಲೈಟ್ ಸಾಕು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಆ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಎಲ್‌ಇಡಿ, ಎಲೆಕ್ಟ್ರಾನಿಕ್ ಚೋಕ್ ಕೆಲಸಕ್ಕೆ ಬಾರವು. ಕತ್ತಲಾದ ಮೇಲೆ, ಗಾಳಿಯಾಡುವ ಶೆಡ್‌ನಲ್ಲಿ, ಪುಲ್ಲಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಒಂದು ಗೆರೆ ಎಳೆದು ಎಂಜಿನ್ ಓಡಿಸಿ. 1000 ಆರ್‌ಪಿಎಂನಲ್ಲಿ ಆ ಒಂದು ಗೆರೆ ಆರಾಗಿ ನಿಂತಂತೆ ಕಾಣುತ್ತದೆ, 1500ರಲ್ಲಿ ನಾಲ್ಕು, 2000ದಲ್ಲಿ ಮೂರು, 3000ದಲ್ಲಿ ಎರಡು. ಗೆರೆಗಳು ನಿಂತ ಕ್ಷಣ ಮೀಟರ್ ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳಿ.

ಇದರಲ್ಲಿ ಒಂದು ನಿಜವಾದ ಅಪಾಯವಿದೆ. ಗೆರೆ ನಿಂತಂತೆ ಕಾಣುವ ಹಾಗೆಯೇ ಫ್ಯಾನೂ ನಿಂತಂತೆ ಕಾಣುತ್ತದೆ. ಅಂಗಿಯ ತೋಳು, ಟವೆಲ್, ಕೈ ಯಾವುದೂ ಹತ್ತಿರ ಹೋಗದಿರಲಿ.

ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆ ತೋರಿಸಿದರೆ ಮೀಟರಿನ ಹೊಂದಾಣಿಕೆ ತಪ್ಪಿದೆ. 6 ಸಿಲಿಂಡರ್ ಕಾರಿನ ಮೀಟರನ್ನು 4 ಸಿಲಿಂಡರ್ ಎಂಜಿನ್‌ಗೆ ಹಾಕಿದ್ದರೆ ನಿಜದ ಮೂರನೇ ಎರಡರಷ್ಟೇ ತೋರಿಸುತ್ತದೆ: 3000ಕ್ಕೆ 2000.

ಮೀಟರ್ ಬಿಚ್ಚುವ ಸರದಿ

ಇಷ್ಟೆಲ್ಲ ನೋಡಿಯೂ ಎಂಜಿನ್ ನುಣುಪಾಗಿ ಓಡುತ್ತ ಮುಳ್ಳು ಮಾತ್ರ ಕುಣಿದರೆ ಮೀಟರ್ ತೆಗೆಯಿರಿ. ಮೊದಲು ಬ್ಯಾಟರಿ ಬಿಡಿಸಿ, ವೈರ್‌ಗಳ ಫೋಟೋ ತೆಗೆದುಕೊಳ್ಳಿ, ಹಿಂದಿನ ನಟ್‌ಗಳನ್ನು ಬಿಚ್ಚಿ. ಮುಂದಿನ ಕ್ರೋಮ್ ಬಳೆಯನ್ನು ಮೆಲ್ಲಗೆ ತಿರುಗಿಸಿ, ಒಳಗಿನ ಹಲ್ಲುಗಳು ಕವಚದ ಕಚ್ಚುಗಳಿಗೆ ಎದುರಾದಾಗ ಬಳೆ ಬರುತ್ತದೆ. ಬಿಗಿಯಿದ್ದರೆ ಸುತ್ತಲೂ ತುಕ್ಕು ಬಿಡಿಸುವ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ. ಸ್ಕ್ರೂಡ್ರೈವರಿನಿಂದ ಮೀಟಿದರೆ ಬಳೆ ಸೊಟ್ಟಗಾಗಿ ಗಾಜು ಒಡೆಯುತ್ತದೆ.

ಒಳಗೆ ಹೆಚ್ಚಾಗಿ ಸಿಗುವುದು ಬಿರುಕು ಬಿಟ್ಟ ಬೆಸುಗೆ, ಒಣಗಿದ ಕೆಪಾಸಿಟರ್, ಓಮ್ ಅಳತೆ ಬದಲಾದ ಕಾರ್ಬನ್ ರೆಸಿಸ್ಟರ್. ಹೊರ ವೈರ್ ಸೇರುವ ಜಾಗದ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಸುತ್ತ ಉಂಗುರದಂಥ ಬಿರುಕು ಕಂಡರೆ ಹೊಸದಾಗಿ ಬೆಸೆಯಿರಿ. ಕೆಪಾಸಿಟರ್ ಮೇಲೆ ಬರೆದ ಅಳತೆಯನ್ನೇ ನೋಡಿ ಅದೇ ಅಳತೆಯ, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನದನ್ನು ಹಾಕಿ. ಮೈಸೂರಿನಲ್ಲಿ ಸಿಗದ ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಹಳೇ ಆರ್‌ವಿಐಗಳಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವುದರಿಂದ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ರೀಡಿಂಗ್ ಜಾರುತ್ತದೆ. ಬೆಳಗ್ಗೆ ಸರಿ, ಮಧ್ಯಾಹ್ನ ತಪ್ಪು ಎಂದರೆ ಅದೇ. ಹೊಂದಾಣಿಕೆಗೆ ಒಳಗಿರುವ ಪುಟ್ಟ ತಿರುಗು ರೆಸಿಸ್ಟರನ್ನು ಕೂದಲೆಳೆಯಷ್ಟು ತಿರುಗಿಸಿ ಟ್ಯೂಬ್‌ಲೈಟಿನ ಲೆಕ್ಕಕ್ಕೆ ತನ್ನಿ. ಮುಳ್ಳನ್ನು ಕಿತ್ತು ಬೇರೆ ಜಾಗಕ್ಕೆ ಚುಚ್ಚಿ ಸರಿಮಾಡುವ ಉಪಾಯ ಬೇಡ, ಒಂದು ವೇಗದಲ್ಲಿ ಸರಿಬಂದದ್ದು ಮಿಕ್ಕೆಲ್ಲದರಲ್ಲಿ ತಪ್ಪುತ್ತದೆ.

ಕೇಬಲ್ ಮೀಟರ್ ಇದ್ದರೆ

ಇಲ್ಲಿ ಇಗ್ನಿಷನ್‌ಗೆ ಸಂಬಂಧವಿಲ್ಲ. ಮುಳ್ಳು ಒಂದೇ ಲಯದಲ್ಲಿ ಹಿಂದೆ ಮುಂದೆ ತೂಗಿದರೆ ಕೇಬಲ್ ಎಲ್ಲೋ ಸೊಟ್ಟಗಾಗಿದೆ ಅಥವಾ ಒಣಗಿ ಹಿಡಿಯುತ್ತಿದೆ. ಒಳಗಿನ ಕೇಬಲ್ ಎಳೆದು ಗಾಜಿನ ಮೇಜಿನ ಮೇಲೆ ಉರುಳಿಸಿ. ಎಲ್ಲಾದರೂ ಎಗರಿದರೆ ಅದು ಬದಲಾಯಿಸಬೇಕಾದ ಕೇಬಲ್. ಚೌಕಾಕಾರದ ತುದಿಗಳು ದುಂಡಗಾಗಿದ್ದರೂ ಅಷ್ಟೇ. ಸರಿಯಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ತೆಳ್ಳಗೆ ಗ್ರೀಸ್ ಸವರಿ, ಮೀಟರ್ ಕಡೆಯ ಕೊನೆಯ ಒಂದು ಗೇಣು ಮಾತ್ರ ಒಣಗಿರಲಿ. ಅಲ್ಲಿ ಗ್ರೀಸ್ ಹಚ್ಚಿದರೆ ಅದು ತಿರುಗುತ್ತ ತಿರುಗುತ್ತ ಮೀಟರಿನೊಳಗೆ ಏರಿ, ಮುಳ್ಳನ್ನು ಎಳೆಯುವ ಬಟ್ಟಲಿಗೆ ಮೆತ್ತಿಕೊಳ್ಳುತ್ತದೆ. ಹೊರ ಕವಚವನ್ನು ಕೂರಿಸುವಾಗ ಎಲ್ಲೂ ಚೂಪಾಗಿ ಮಡಚದೆ ಅಗಲವಾದ ಬಳುಕಿನಲ್ಲಿ ಒಯ್ಯಿರಿ, ಎಕ್ಸಾಸ್ಟ್‌ಗೆ ತಾಗದಂತೆ ಕ್ಲಿಪ್ ಹಾಕಿ, ಎರಡೂ ಕಡೆಯ ನಟ್‌ಗಳನ್ನು ಬೆರಳಲ್ಲೇ ಬಿಗಿ ಮಾಡಿ.